ಕಾಲುಬಾವು

ಪಾದ, ಹರಡು, ಕಣಕಾಲುಗಳಲ್ಲಿ, ಕೆಲವೊಮ್ಮೆ ತೊಡೆಯ ಬುಡದವರೆಗೂ, ಚರ್ಮದ ಕೆಳಗಣ ಅಂಗಾಂಶಗಳಲ್ಲಿ ದ್ರವವು ಮಿತಿಮೀರಿ ಸಂಚಯವಾಗುವುದರಿಂದ ತೋರುವ ಊತವೇ ಕಾಲುಬಾವು. ಇದು ಸ್ವತಂತ್ರವಾದ ಒಂದು ರೋಗವಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು, ರಕ್ತನಾಳ, ದುಗ್ಧನಾಳ ಇವುಗಳಲ್ಲಿ ಯಾವುದಾದರೊಂದು ಕೆಟ್ಟಾಗ, ಅಥವಾ ಆಹಾರ, ಔಷಧ, ಗರ್ಭ, ಗಾಯ ಮೊದಲಾದ ಕಾರಣಗಳಿಂದ ಶರೀರದ ಜಲಸಮತೆ ಕದಡಿದಾಗ, ದೇಹದ ಅತ್ಯಂತ ಕೆಳಭಾಗವಾದ ಕಾಲುಗಳಲ್ಲಿ ಮೊದಲು ಕಾಣಿಸಿಕೊಳ್ಳುವ ಲಕ್ಷಣ. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಬಿಗಿಯಾಗುವುದು, ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಕಳಚಲು ಬಾರದಿರುವುದು, ಕಾಲುಚೀಲ ತೆಗೆದ ಮೇಲೂ ಅದರ ಅಂಚಿನ ಗುರುತು ಬಹಳ ಹೊತ್ತು ಆಳವಾಗಿ ಉಳಿಯುವುದು, ಇವು ರೋಗಿಗೆ ಮೊದಲು ಗೋಚರಿಸುವ ಸೂಚನೆಗಳು. ಆದರೆ ಸರ್ವಾಂಗದಲ್ಲಿ ನೀರು ತುಂಬುವ ರೋಗಗಳಲ್ಲಿ ಎರಡು ಮೂರು ಲೀಟರಿನಷ್ಟು ದ್ರವ ಹೆಚ್ಚಾಗಿ ಸೇರುವವರೆಗೆ ಬಾವು ಕಣ್ಣಿಗೆ ಬೀಳದಿರುವುದುಂಟಾದ್ದರಿಂದ, ಕಾಲು ಊದುವುದಕ್ಕೆ ಮುಂಚೆಯೇ ತೂಕದ ಯಂತ್ರವು ಅದನ್ನು ತೋರಿಸಿಕೊಡಬಲ್ಲುದು.

ಈ ಲಕ್ಷಣವನ್ನು ಪ್ರಾಚೀನರು ಬಲು ಸೂಕ್ಷ್ಮವಾಗಿ ಗಮನಿಸಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಯಥು ಎಂಬ ಹೆಸರಿನಿಂದ ಒಂದು ಇಡೀ ಅಧ್ಯಾಯವೇ ಬಾವಿಗೆ ಮೀಸಲಾಗಿದೆ. ಒಳಗಿನ ದೋಷದಿಂದ ಹುಟ್ಟುವ ಬಾವು ನಿಜವೆಂದೂ, ಪೆಟ್ಟು, ವಿಷ ಮೊದಲಾದ ಹೊರಗಿನ ಕಾರಣಗಳಿಂದ ಬರುವುದು ಆಗಂತುವೆಂದೂ ಅಲ್ಲಿ ವಿಭಾಗ ಮಾಡಲಾಗಿದೆ. ಒತ್ತಿ ಬಿಟ್ಟೊಡನೆ ಮೇಲೇಳುವ, ಹಗಲಿನಲ್ಲಿ ಹೆಚ್ಚುವ ಬಾವು ವಾತಜ, ಒತ್ತಿದ ಗುಣಿ ಮೇಲೇಳದೆ ನಿಲ್ಲುವ, ರಾತ್ರಿಯಲ್ಲಿ ಬಲಿಯುವ ಬಾವು ಕಫಜ ಎಂಬ ಭೇದವೂ ಅಲ್ಲಿ ಉಕ್ತವಾಗಿದೆ. ದೋಷಸಿದ್ಧಾಂತವನ್ನು ಇಂದಿನ ವೈದ್ಯರು ಒಪ್ಪಲಿ ಬಿಡಲಿ, ರೋಗಿಯ ಕಾಲನ್ನು ಬೆರಳಿನಿಂದ ಒತ್ತಿ, ಗುಣಿ ತುಂಬುವುದೋ ನಿಲ್ಲುವುದೋ ಎಂದು ಕಾದು ನೋಡಿ, ಹಗಲಿರುಳಿನೊಡನೆ ಬಾವಿನ ಏರಿಳಿತವನ್ನು ಹೋಲಿಸಿದ ಆ ವಿಧಾನ ಇಂದಿಗೂ ಪ್ರಥಮ ಪರೀಕ್ಷೆಯಾಗಿಯೇ ಉಳಿದಿದೆ.

ಪರೀಕ್ಷೆಯ ಕ್ರಮ ಸರಳವಾದುದು. ಹೆಬ್ಬೆರಳನ್ನು ಹರಡಿನ ಒಳಗಂಟಿನ ಹಿಂದೆಯೋ ಕಣಕಾಲಿನ ಮುಂದಣ ಎಲುಬಿನ ಮೇಲೆಯೋ ಇಟ್ಟು, ನೋವಾಗದಂತೆ ಮೆಲ್ಲಗೆ, ಆದರೆ ಬಿಡದೆ, ಹತ್ತು ಹದಿನೈದು ಸೆಕೆಂಡುಗಳ ಕಾಲ ಒತ್ತಿ ತೆಗೆದರೆ, ಕೆಳಗೆ ಎಲುಬಿನ ಆಸರೆಯಿರುವುದರಿಂದ ದ್ರವವು ಪಕ್ಕಕ್ಕೆ ಸರಿದು ಹೆಬ್ಬೆರಳಿನ ಅಚ್ಚು ಚರ್ಮದಲ್ಲಿ ಮೂಡುತ್ತದೆ. ಬಾವು ಅಲ್ಪವಾಗಿದ್ದಲ್ಲಿ ಆ ಗುಣಿ ಕಣ್ಣಿಗೆ ಕಾಣುವುದಕ್ಕಿಂತ, ಬೆರಳ ತುದಿಯನ್ನು ಅದರ ಮೇಲೆ ಹಾಯಿಸಿದಾಗ ಚೆನ್ನಾಗಿ ತಿಳಿಯುತ್ತದೆ. ರಕ್ತದಲ್ಲಿ ಪ್ರೋಟೀನು ಕಡಮೆಯಾಗಿ ಬಂದ ಬಾವಿನ ಗುಣಿ ಸುಮಾರು 40 ಸೆಕೆಂಡುಗಳೊಳಗೆ ತುಂಬಿಕೊಳ್ಳುತ್ತದೆ. ಹೃದಯದ ದೌರ್ಬಲ್ಯದಿಂದಲೋ ಸಿರೆಗಳ ಅಡಚಣೆಯಿಂದಲೋ ಬಂದ ಬಾವಿನಲ್ಲಿ ಅದು ನಿಧಾನವಾಗಿ ತುಂಬುತ್ತದೆ. ದುಗ್ಧನಾಳಗಳು ಕೆಟ್ಟು ಬಹುಕಾಲವಾದ ಬಾವಿನಲ್ಲಿಯೂ ಥೈರಾಯಿಡ್ ಗ್ರಂಥಿಯ ಮಾಂದ್ಯದಲ್ಲಿಯೂ ಗುಣಿಯೇ ಬೀಳುವುದಿಲ್ಲ. ಹಾಸಿಗೆ ಹಿಡಿದ ರೋಗಿಯ ಕಾಲುಗಳನ್ನು ಮಾತ್ರ ನೋಡಿ ಬಾವಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಮಲಗಿದವನಲ್ಲಿ ದ್ರವವು ಸೊಂಟದ ಹಿಂಭಾಗದಲ್ಲಿ ಸೇರುವುದರಿಂದ ಅಲ್ಲಿಯೂ ಒತ್ತಿ ನೋಡಬೇಕು.

ಇಷ್ಟು ದ್ರವ ಎಲ್ಲಿಂದ ಬರುತ್ತದೆ? ರಕ್ತವು ಕೂದಲಿಗಿಂತ ಸಣ್ಣವಾದ ಲೋಮನಾಳಗಳಲ್ಲಿ ಹರಿಯುವಾಗ, ಅದರ ಒತ್ತಡವು ನೀರನ್ನೂ ಲವಣಗಳನ್ನೂ ನಾಳದ ಭಿತ್ತಿಯ ಮೂಲಕ ಹೊರಕ್ಕೆ ನೂಕುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಮೊದಲಾದ ಪ್ರೋಟೀನುಗಳು ಅದೇ ನೀರನ್ನು ಒಳಕ್ಕೆ ಸೆಳೆದು ಹಿಡಿದಿಡುತ್ತವೆ. ಈ ಎರಡು ಬಲಗಳ ತೂಗಾಟವನ್ನು 1896ರಲ್ಲಿ ವಿವರಿಸಿದವನು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಆಂಗ್ಲ ಶರೀರಕ್ರಿಯಾವಿಜ್ಞಾನಿ. ಹೊರಬಂದ ದ್ರವದ ಬಹುಪಾಲು ಮತ್ತೆ ಲೋಮನಾಳಗಳಿಗೇ ಮರಳುವುದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತಾದರೂ, ಅದನ್ನು ಸಂಗ್ರಹಿಸಿ ಒಯ್ಯುವ ಮುಖ್ಯ ಭಾರ ದುಗ್ಧನಾಳಗಳ ಮೇಲಿದೆಯೆಂಬುದು ಈಚಿನ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಗದ್ದೆಗೆ ಬಸಿಗಾಲುವೆ ಹೇಗೋ ಅಂಗಾಂಶಗಳಿಗೆ ಈ ನಾಳಗಳು ಹಾಗೆ. ಆದುದರಿಂದ ನಾಳದೊಳಗಿನ ಒತ್ತಡ ಏರಿದರೂ, ರಕ್ತದ ಪ್ರೋಟೀನು ಇಳಿದರೂ, ನಾಳದ ಭಿತ್ತಿ ಉರಿಯೂತದಿಂದ ಸಡಿಲಗೊಂಡು ಸೋರಿದರೂ, ದುಗ್ಧನಾಳ ಕಟ್ಟಿದರೂ ಬಾವು ತಪ್ಪದು. ಮುಂದೆ ಹೇಳುವ ಕಾರಣಗಳೆಲ್ಲವೂ ಈ ನಾಲ್ಕರಲ್ಲಿ ಒಂದಕ್ಕೋ, ಹಲವು ಸಂದರ್ಭಗಳಲ್ಲಿ ಒಂದಕ್ಕಿಂತ ಹೆಚ್ಚಿನವಕ್ಕೋ, ಸೇರಿದವು. ಇನ್ನು ಕಾಲೇ ಏಕೆ ಮೊದಲು ಊದಬೇಕೆಂಬುದಕ್ಕೆ ಉತ್ತರ ಮನುಷ್ಯನ ನೆಟ್ಟನೆಯ ನಿಲುವಿನಲ್ಲಿದೆ. ಅಲುಗದೆ ನಿಂತವನ ಪಾದದ ಸಿರೆಗಳಲ್ಲಿ ಒತ್ತಡವು ಪಾದರಸದ 90 ಮಿಲಿಮೀಟರಿನಷ್ಟಿರುತ್ತದೆ. ನಡೆಯತೊಡಗಿದಾಗ ಮೀನಖಂಡದ ಸ್ನಾಯುಗಳು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೊತ್ತುವುದರಿಂದ ಅದು 30ಕ್ಕೂ ಕೆಳಗೆ ಇಳಿಯುತ್ತದೆ.

ಎರಡೂ ಕಾಲುಗಳು ಸಮನಾಗಿ, ದಿನದಿನಕ್ಕೆ ಬಲಿಯುತ್ತ ಊದಿದರೆ ಕಾರಣವು ಸಾಮಾನ್ಯವಾಗಿ ಕಾಲಿನಿಂದ ದೂರದಲ್ಲಿರುತ್ತದೆ. ಅವುಗಳಲ್ಲಿ ಹೃದಯದ ವೈಫಲ್ಯ ಅಗ್ರಸ್ಥಾನದ್ದು. ಹೃದಯವು ತನ್ನ ಬಳಿಗೆ ಬಂದ ರಕ್ತವನ್ನು ಪೂರ್ಣವಾಗಿ ಮುಂದಕ್ಕೆ ನೂಕಲಾರದೆ ಹೋದಾಗ ಸಿರೆಗಳಲ್ಲಿ ಒತ್ತಡ ಏರುತ್ತದೆ. ಇತ್ತ ಮೂತ್ರಪಿಂಡಗಳು ರಕ್ತದ ಕೊರತೆಯಾಯಿತೆಂದೇ ಗ್ರಹಿಸಿ ಉಪ್ಪನ್ನೂ ನೀರನ್ನೂ ಹಿಡಿದಿಡತೊಡಗುತ್ತವೆ. ಎರಡೂ ಕೂಡಿ ಬಾವನ್ನು ಬೆಳೆಸುತ್ತವೆ. ಸಂಜೆ ಊದಿ ಬೆಳಗ್ಗೆ ಇಳಿಯುವ ಹರಡು, ಮೆಟ್ಟಿಲೇರುವಾಗಿನ ಏದುಸಿರು, ಚಪ್ಪಟೆಯಾಗಿ ಮಲಗಲಾರದೆ ಎರಡು ಮೂರು ದಿಂಬುಗಳನ್ನು ಬಯಸುವುದು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು, ಕತ್ತಿನ ಸಿರೆ ಉಬ್ಬಿ ಕಾಣುವುದು, ಇವು ಒಟ್ಟುಗೂಡಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಬಾಲ್ಯದಲ್ಲಿ ಕೀಲುವಾತದ ಜ್ವರ ಬಂದು ಕವಾಟ ಕೆಟ್ಟವರೂ, ಕ್ಷಯರೋಗದಿಂದ ಹೃದಯದ ಹೊರಪೊರೆ ದಪ್ಪಗಟ್ಟಿ ಬಿಗಿದವರೂ ನಮ್ಮ ದೇಶದಲ್ಲಿ ಈಗಲೂ ಇದ್ದಾರೆ. ಯಾವುದೋ ಗಿಡದ ಹೆಸರು ಹೇಳಿ ಹಳ್ಳಿಯವರು ಕೊಡುವ ಕಷಾಯಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವವರು ವಿಲಿಯಂ ವಿದರಿಂಗ್‌ನ ವೃತ್ತಾಂತವನ್ನು ನೆನೆಯಬೇಕು: ಇಂಗ್ಲೆಂಡಿನ ಶ್ರಾಪ್‌ಶೈರಿನ ಮುದುಕಿಯೊಬ್ಬಳು ನೀರುಬಾವಿಗೆ ಕೊಡುತ್ತಿದ್ದ ಗಿಡಮೂಲಿಕೆಗಳ ಮಿಶ್ರಣದಲ್ಲಿ ಡಿಜಿಟಾಲಿಸ್ ಗಿಡದ ಎಲೆಯೇ ಗುಣಕಾರಿಯೆಂದು ಈ ವೈದ್ಯನು ಕಂಡುಹಿಡಿದು, ಹತ್ತು ವರ್ಷಗಳ ಕಾಲ ರೋಗಿಗಳಲ್ಲಿ ಪ್ರಮಾಣವನ್ನು ತೂಗಿ ನೋಡಿ, 1785ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅದೇ ಎಲೆ ಪ್ರಮಾಣ ಮೀರಿದರೆ ವಿಷವೆಂಬುದನ್ನೂ ಆತನೇ ಬರೆದಿಟ್ಟಿದ್ದಾನೆ.

ಮೂತ್ರಪಿಂಡದ ಬಾವಿನ ಇತಿಹಾಸ ಲಂಡನ್ನಿನ ಗೈ ಆಸ್ಪತ್ರೆಯ ರಿಚರ್ಡ್ ಬ್ರೈಟ್‌ನಿಂದ ಆರಂಭವಾಗುತ್ತದೆ. ಮೈಯೆಲ್ಲ ನೀರು ತುಂಬಿ ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಉರಿಯ ಮೇಲೆ ಕಾಯಿಸಿದಾಗ ಅದು ಹೆಪ್ಪುಗಟ್ಟುವುದನ್ನೂ, ಅಂಥವರು ಸತ್ತ ಮೇಲೆ ಶವಪರೀಕ್ಷೆಯಲ್ಲಿ ಮೂತ್ರಪಿಂಡಗಳು ಕೆಟ್ಟಿರುವುದನ್ನೂ ಜೋಡಿಸಿ ನೋಡಿ, 1827ರಲ್ಲಿ ಆತ ಪ್ರಕಟಿಸಿದನು. ಮೂತ್ರಪಿಂಡದ ಜಾಲರಿ ಸಡಿಲವಾಗಿ ದಿನಕ್ಕೆ 3.5 ಗ್ರಾಮಿಗಿಂತ ಹೆಚ್ಚು ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಸ್ಥಿತಿಯಲ್ಲಿ ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಸಂಜೆಗೆ ಕಾಲಿನಲ್ಲಿ ಬಾವು, ಮೂತ್ರದಲ್ಲಿ ಆರದ ನೊರೆ ಕಾಣುತ್ತವೆ. ಮಕ್ಕಳಲ್ಲಿ ಇದು ಹಲವು ವೇಳೆ ಔಷಧಕ್ಕೆ ಬೇಗ ಬಗ್ಗುವ ರೋಗ. ಬಹುವರ್ಷಗಳ ಸಕ್ಕರೆ ಕಾಯಿಲೆಯವರಲ್ಲಿ ಕಾಲುಬಾವು ತೋರಿದರೆ ಮೂತ್ರದ ಪ್ರೋಟೀನನ್ನು ಪರೀಕ್ಷಿಸದೆ ಬಿಡುವುದು ಸಲ್ಲದು. ಯಕೃತ್ತು ಗಂಟುಗಟ್ಟಿ ಕುಗ್ಗಿದಾಗಲಾದರೋ, ಆಲ್ಬುಮಿನ್ನಿನ ಉತ್ಪತ್ತಿ ಕುಂದುವುದಲ್ಲದೆ ಉದರದ ಸಿರೆಗಳಲ್ಲಿ ಒತ್ತಡವೂ ಏರುವುದರಿಂದ, ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುವುದು ಮೊದಲು, ಕಾಲಿಗೆ ಬಾವು ಇಳಿಯುವುದು ಅದರ ಬೆನ್ನಿಗೆ. ಮದ್ಯಪಾನವೂ ಹೆಪಟೈಟಿಸ್ ವೈರಾಣುಗಳೂ ಇದರ ಮುಖ್ಯ ಕಾರಣಗಳು.

ಆಹಾರದ ದೋಷದಿಂದ ಬರುವ ಬಾವುಗಳು ಒಂದು ಕಾಲದಲ್ಲಿ ಊರಿಗೆ ಊರನ್ನೇ ಹಿಡಿದಿದ್ದವು. ಯಂತ್ರದಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ನಂಬಿದವರಲ್ಲಿ ಥಯಮಿನ್ ಜೀವಸತ್ವದ ಕೊರತೆಯಿಂದ ಬೇರಿಬೇರಿ ತಲೆದೋರಿ, ಕಾಲು ಊದಿ, ಹೃದಯ ಸೋತು ಹಲವರು ಸಾಯುತ್ತಿದ್ದರು. ಬಟೇವಿಯದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅಂತಹ ಅಕ್ಕಿಯನ್ನು ತಿಂದ ಕೋಳಿಗಳಲ್ಲಿ ಇದನ್ನು ಹೋಲುವ ರೋಗವನ್ನು ಕಂಡದ್ದೇ ಮುಂದಣ ಶೋಧಕ್ಕೆ ಮೂಲವಾಗಿ, 1929ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನ ಜೀವಸತ್ವವು ಕಾಳಿನ ಒಳಕ್ಕೆ ಇಳಿಯುವುದರಿಂದ, ಕುಚ್ಚಲಕ್ಕಿಯನ್ನುಣ್ಣುವ ನಮ್ಮ ಕರಾವಳಿಯವರಿಗೆ ಅವರ ಅಡುಗೆಮನೆಯೇ ಈ ರೋಗದಿಂದ ರಕ್ಷಣೆ ಕೊಟ್ಟಿದೆ. ಉತ್ತರ ಮತ್ತು ಪೂರ್ವ ಭಾರತದಲ್ಲಿ ಪದೇಪದೇ ಕಾಣಿಸಿಕೊಂಡ ಸಾಂಕ್ರಾಮಿಕ ಬಾವಿನ ಕಥೆಯಾದರೋ ಮನುಷ್ಯನ ದುರಾಶೆಯದು. 1877ರಲ್ಲಿ ಕಲ್ಕತ್ತದಲ್ಲಿ ಮೊದಲು ವರ್ಣಿತವಾದ ಈ ವ್ಯಾಧಿ, ಹೊಲದ ಬದುಗಳಲ್ಲಿ ಬೆಳೆಯುವ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರಕೆಯಾದುದರಿಂದ ಬರುವಂಥದು. ಆ ಎಣ್ಣೆಯಲ್ಲಿನ ವಿಷ ಲೋಮನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದರಿಂದ ಅರುವತ್ತಕ್ಕೂ ಹೆಚ್ಚು ಮಂದಿ ಸತ್ತರು. ತಡೆಯಬಹುದಾಗಿದ್ದ ಮರಣಗಳಿವು, ಕಲಬೆರಕೆಯನ್ನು ಬರಿಯ ವ್ಯಾಪಾರದ ಮೋಸವೆಂದೆಣಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತೀವ್ರವಾದ ರಕ್ತಹೀನತೆಯೂ, ಅದಕ್ಕೆ ಕಾರಣವಾಗುವ ಕೊಕ್ಕೆಹುಳುವೂ, ಮಕ್ಕಳಲ್ಲಿ ಪ್ರೋಟೀನಿನ ಅಭಾವವೂ ಇದೇ ಗುಂಪಿಗೆ ಸೇರಿದವು.

ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಹರಡು ಸ್ವಲ್ಪ ಊದುವುದು ಸ್ವಾಭಾವಿಕ. ಬೆಳೆದ ಗರ್ಭಕೋಶವು ಸಿರೆಗಳನ್ನು ಒತ್ತುವುದೂ, ಶರೀರದಲ್ಲಿ ನೀರಿನ ಅಂಶ ಹೆಚ್ಚುವುದೂ ಇದಕ್ಕೆ ಕಾರಣ. ಆದರೆ 20 ವಾರ ಕಳೆದ ಮೇಲೆ ಕಾಲಿನ ಜೊತೆಗೆ ಮುಖ, ಕೈಗಳು ಇದ್ದಕ್ಕಿದ್ದಂತೆ ಊದಿ, ತಲೆನೋವು, ಕಣ್ಣು ಮಂಜಾಗುವಿಕೆ, ಮೇಲ್ಹೊಟ್ಟೆಯ ನೋವು ಕಂಡು, ರಕ್ತದ ಒತ್ತಡ 140/90ನ್ನು ಮುಟ್ಟಿದರೆ ಅದು ಗರ್ಭನಂಜು. ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು. ಬಸುರಿಯ ಕಾಲು ಊದುವುದು ಸಹಜವೆಂಬ ಹಿರಿಯರ ಸಮಾಧಾನದ ಮಾತು ಅರ್ಧ ಸತ್ಯವಾದುದರಿಂದಲೇ, ಒತ್ತಡವನ್ನು ಅಳೆಯಿಸದೆ ಅದನ್ನು ನಂಬಿ ಕೂರಬಾರದು.

ಔಷಧಗಳಿಂದಲೇ ಬರುವ ಬಾವಿನತ್ತ ಎಷ್ಟು ಗಮನ ಹರಿಯಬೇಕೋ ಅಷ್ಟು ಹರಿಯುತ್ತಿಲ್ಲ. ರಕ್ತದೊತ್ತಡಕ್ಕೆ ಬಹುವಾಗಿ ಬಳಕೆಯಲ್ಲಿರುವ ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸಿ ಲೋಮನಾಳಗಳೊಳಗಿನ ಒತ್ತಡವನ್ನು ಏರಿಸುವುದರಿಂದ ಎರಡೂ ಹರಡುಗಳು ಊದುವುದುಂಟು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವುನಿವಾರಕ ಮಾತ್ರೆಗಳು, ಸ್ಟಿರಾಯ್ಡುಗಳು, ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ನರದ ಉರಿಗೆ ಕೊಡುವ ಪ್ರಿಗ್ಯಾಬಲಿನ್ ಮೊದಲಾದುವೂ ಬಾವನ್ನು ತರುತ್ತವೆ. ಇಂತಹ ಬಾವನ್ನು ಹೊಸ ರೋಗವೆಂದು ಭ್ರಮಿಸಿ, ಅದಕ್ಕೊಂದು ಮೂತ್ರವರ್ಧಕವನ್ನೂ, ಮೂತ್ರವರ್ಧಕದಿಂದ ಇಳಿದ ಪೊಟ್ಯಾಸಿಯಮ್ಮಿಗೆ ಇನ್ನೊಂದು ಔಷಧವನ್ನೂ ಸೇರಿಸುತ್ತ ಹೋಗುವ ಬದಲು, ವೈದ್ಯರು ಮೊದಲಿನ ಮಾತ್ರೆಯ ಪ್ರಮಾಣವನ್ನು ತಗ್ಗಿಸಿದರೆ ಅಥವಾ ಬದಲಿಸಿದರೆ ಹಲವು ರೋಗಿಗಳು ಬಾವಿನಿಂದ ಮುಕ್ತರಾಗುತ್ತಾರೆ. ರೋಗಿಯು ತಾನು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದಿಡುವುದು ಈ ದೃಷ್ಟಿಯಿಂದ ಬಹಳ ಉಪಯುಕ್ತ. ತಾನಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಕೂಡದು.

ಒಂದೇ ಕಾಲು, ಅದೂ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಊದಿದರೆ ವಿಚಾರದ ದಿಕ್ಕೇ ಬೇರೆ. ಮೀನಖಂಡದ ಅಥವಾ ತೊಡೆಯ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂಬ ಶಂಕೆ ಆಗ ಮೊದಲು ಬರಬೇಕು. ಹರಿವು ಮಂದವಾಗುವುದು, ನಾಳದ ಒಳಪೊರೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುವುದು ಎಂಬ ಮೂರು ಕಾರಣಗಳು ಜರ್ಮನಿಯ ರುಡಾಲ್ಫ್ ವಿರ್ಖೋವನ ಹೆಸರಿಗೆ ಅಂಟಿಕೊಂಡಿವೆ. ಸೊಂಟದ, ಮಂಡಿಯ ಶಸ್ತ್ರಚಿಕಿತ್ಸೆಯಾದವರು, ಬಾಣಂತಿಯರು, ಕ್ಯಾನ್ಸರಿನಿಂದ ನರಳುವವರು, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸುವವರು, ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರು, ಬಸ್ಸಿನಲ್ಲಿಯೋ ವಿಮಾನದಲ್ಲಿಯೋ ಬಹಳ ಹೊತ್ತು ಕದಲದೆ ಕುಳಿತವರು ಇದಕ್ಕೆ ಈಡಾಗಬಹುದು. ಎಡಗಾಲಿನ ರಕ್ತವನ್ನು ಒಯ್ಯುವ ದೊಡ್ಡ ಸಿರೆಯು ಬಲಬದಿಯ ಅಪಧಮನಿಯ ಅಡಿಯಲ್ಲಿ ಹಾದುಹೋಗಿ ಅದರ ಒತ್ತಿಗೆ ಸಿಕ್ಕುವುದರಿಂದ, ವಿಶೇಷವಾಗಿ ಬಸುರಿಯರಲ್ಲಿ, ಹೆಪ್ಪು ಎಡಗಾಲಿನಲ್ಲಿಯೇ ಹೆಚ್ಚು. ಮಂಡಿಯ ಕೆಳಗಣ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಕ್ಕೆ ಟೇಪು ಸುತ್ತಿ ಎರಡೂ ಕಾಲುಗಳನ್ನು ಅಳೆದಾಗ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಶಂಕೆ ಬಲವಾಗುತ್ತದೆ. ಡಾಪ್ಲರ್ ಸ್ಕ್ಯಾನು ಅದನ್ನು ನಿಶ್ಚಯಿಸುತ್ತದೆ. ಹೆಪ್ಪಿನ ತುಣುಕೊಂದು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಮರಣ ಸಂಭವಿಸಬಹುದು. ಊದಿದ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಉಪಚಾರವಾದರೂ, ಒಂದೇ ಕಾಲು ಹೊಸದಾಗಿ ಊದಿದಾಗ ಅದನ್ನು ಸರ್ವಥಾ ಮಾಡಬಾರದು.

ಆಳದ ಸಿರೆಗಳಂತೆ ಚರ್ಮದ ಕೆಳಗಣ ಸಿರೆಗಳೂ ಬಾವಿಗೆ ಕಾರಣ. ರಕ್ತವು ಹಿಂದಕ್ಕಿಳಿಯದಂತೆ ತಡೆಯುವ ಕವಾಟಗಳನ್ನು ಪಡುವಾದ ಅಂಗರಚನಾಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1603ರಲ್ಲಿ ಚಿತ್ರಸಹಿತ ವರ್ಣಿಸಿದನು; ಅವು ಸಡಿಲವಾದಾಗ ಸಿರೆಗಳು ಹಾವಿನಂತೆ ಸುರುಳಿಯಾಗಿ ಉಬ್ಬಿ, ಹರಡಿನ ಒಳಬದಿಯ ಚರ್ಮ ಕಂದುಗಪ್ಪಾಗಿ, ಕಡೆಗೆ ಮಾಯದ ಹುಣ್ಣಾಗುತ್ತದೆ. ದಿನವೆಲ್ಲ ನಿಂತೇ ದುಡಿಯುವ ಹೋಟೆಲಿನ ಮಾಣಿಗಳು, ಬಸ್ ಕಂಡಕ್ಟರುಗಳು, ಶಿಕ್ಷಕರು, ಜವಳಿ ಅಂಗಡಿಯ ಹುಡುಗಿಯರು ಇದನ್ನು ಬಲ್ಲರು. ಇನ್ನು ಕಾಲು ಕೆಂಪಾಗಿ, ಬಿಸಿಯಾಗಿ, ಜ್ವರದೊಡನೆ ಊದಿದರೆ ಚರ್ಮದ ಸೋಂಕು. ಹೆಬ್ಬೆರಳ ಬುಡ ರಾತ್ರೋರಾತ್ರಿ ಉರಿದು ಊದಿದರೆ ಗೌಟ್. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದ ಹೆಚ್ಚು ನೋವಿಲ್ಲದೆ ಬಿಸಿಯಾಗಿ ಊದಿದರೆ, ಅದು ಎಲುಬುಗಳು ಒಳಗೊಳಗೇ ಮುರಿಯುತ್ತಿರುವುದರ ಸೂಚನೆಯಾಗಿರಬಹುದು. ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದ ಕಾಲು ಬಹು ಬೇಗ ಊದುತ್ತ ಮೇಲೇರುವುದನ್ನು ನಮ್ಮ ರೈತರು ಅರಿಯದವರಲ್ಲ.

ಆನೆಕಾಲು ರೋಗಕ್ಕೆ ಈ ಲೇಖನದಲ್ಲಿ ಪ್ರತ್ಯೇಕ ಸ್ಥಾನ ಸಲ್ಲಬೇಕು. ವುಚೆರೇರಿಯ ಬ್ಯಾಂಕ್ರಾಫ್ಟಿ ಎಂಬ ದಾರದಂತಹ ಹುಳು, ಹೆಣ್ಣಾದರೆ 8ರಿಂದ 10 ಸೆಂಟಿಮೀಟರ್ ಉದ್ದದ್ದು, ಮನುಷ್ಯನ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕಿ ಅವುಗಳನ್ನು ಹಿಗ್ಗಿಸಿ ಕೆಡಿಸುತ್ತದೆ. ಅದರ ಮರಿಗಳು ರಾತ್ರಿಯ ಹೊತ್ತು ಮಾತ್ರ ರಕ್ತದಲ್ಲಿ ಹೇರಳವಾಗಿ ತಿರುಗುವುದರಿಂದ, ಆರೋಗ್ಯ ಇಲಾಖೆಯವರು ನಡುರಾತ್ರಿಯ ಆಸುಪಾಸಿನಲ್ಲಿ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರು. 1872ರಲ್ಲಿ ಕಲ್ಕತ್ತದಲ್ಲಿ ಟಿಮೊಥಿ ಲೂಯಿಸ್ ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ಗುರುತಿಸಿದನು. ಚೀನದ ಅಮಾಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ ಅವು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು ಕಂಡನು. ಕೊಳಚೆ ನೀರಿನಲ್ಲಿ ಮರಿ ಮಾಡುವ ಕ್ಯೂಲೆಕ್ಸ್ ಸೊಳ್ಳೆ ನಮ್ಮ ದೇಶದಲ್ಲಿ ಇದರ ವಾಹಕ. ಭಾರತ ಸರ್ಕಾರದ ಆನೆಕಾಲು ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ, ಬಾಗಲಕೋಟೆಯ ಕಡೆಯೂ ಕರಾವಳಿಯೂ ರೋಗಪೀಡಿತ ಪ್ರದೇಶಗಳೆಂದು ಗಣಿತವಾಗಿ, ಅಲ್ಲಿ ಡಿಇಸಿ ಮೊದಲಾದ ಹುಳುನಾಶಕ ಮಾತ್ರೆಗಳನ್ನು ಸಾಮೂಹಿಕವಾಗಿ ನುಂಗಿಸಲಾಗಿದೆ. ಲಕ್ಷಣವಿಲ್ಲದವರೂ ಏಕೆ ನುಂಗಬೇಕೆಂದು ಹಲವರು ಮಾತ್ರೆಯನ್ನು ಕೈಯಲ್ಲಿ ತೆಗೆದುಕೊಂಡು ಎಸೆಯುತ್ತಾರೆ; ಹುಳುವಿನ ಮರಿಗಳನ್ನು ರಕ್ತದಲ್ಲಿ ಹೊತ್ತು ಸೊಳ್ಳೆಗೆ ಕೊಡುವವರು ಬಹುಮಟ್ಟಿಗೆ ಆ ಲಕ್ಷಣವಿಲ್ಲದವರೇ.

ಒಮ್ಮೆ ಊದಿ ಗಟ್ಟಿಯಾದ ಕಾಲನ್ನು ಮಾತ್ರೆಗಳು ಇಳಿಸಲಾರವು. ಆದರೂ ರೋಗಿಯು ನಿರಾಶನಾಗಬೇಕಿಲ್ಲ. ಕಾಲ್ಬೆರಳುಗಳ ಸಂದಿಯ ಸಣ್ಣ ಬಿರುಕುಗಳ ಮೂಲಕ ಹೊಗುವ ಬ್ಯಾಕ್ಟೀರಿಯಗಳೇ ಚಳಿಜ್ವರವನ್ನೂ ತೊಡೆಸಂದಿನ ಗಂಟುನೋವನ್ನೂ ಮತ್ತೆಮತ್ತೆ ತಂದು, ಪ್ರತಿ ಸಲವೂ ಬಾವನ್ನು ಒಂದು ಮೆಟ್ಟಿಲು ಏರಿಸುತ್ತವೆಂಬುದನ್ನು ಬ್ರೆಜಿಲಿನ ರೆಸಿಫೆ ನಗರದಲ್ಲಿ ಗೆರೂಸಾ ಡ್ರಾಯರ್ ತೋರಿಸಿಕೊಟ್ಟರು. ಆದುದರಿಂದ ಚಿಕಿತ್ಸೆಯ ಮೂಲ ಸ್ನಾನದ ಮನೆಯಲ್ಲಿದೆ: ದಿನವೂ ಸಾಬೂನಿನಿಂದ, ಮಡಿಕೆಮಡಿಕೆಯನ್ನೂ ಬೆರಳಿನ ಸಂದುಗಳನ್ನೂ ಬಿಡದೆ, ಉಜ್ಜದೆ ತೊಳೆದು, ತೆಳುಬಟ್ಟೆಯನ್ನು ಸಂದಿಯಲ್ಲಿ ತೂರಿಸಿ ತೇವವನ್ನೆಲ್ಲ ಹೀರಿಸಿ, ಬಿರುಕಿಗೆ ಮುಲಾಮು ಹಚ್ಚಿ, ಮಲಗುವಾಗ ಕಾಲನ್ನು ಎತ್ತರಿಸುವುದು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಇದರ ಜೊತೆಗೆ ಆಯುರ್ವೇದದ ಕ್ರಮಗಳನ್ನೂ, ಯೋಗವನ್ನೂ, ಒತ್ತುಪಟ್ಟಿ ಸುತ್ತುವುದನ್ನೂ ಕೂಡಿಸಿ ರೋಗಿಗಳಿಗೆ ಕಲಿಸುವ ಪದ್ಧತಿ ರೂಪುಗೊಂಡಿದೆ. ಬಡವನು ಮನೆಯಲ್ಲೇ ಮಾಡಿಕೊಳ್ಳಬಹುದಾದ ಚಿಕಿತ್ಸೆಯೆಂಬುದು ಅದರ ಹಿರಿಮೆ. ಇಥಿಯೋಪಿಯದ ಎತ್ತರದ ನೆಲದಲ್ಲಿ ಹುಳುವಿಲ್ಲದೆಯೇ, ಜ್ವಾಲಾಮುಖಿಯ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವುದರಿಂದ ಇಂತಹದೇ ಕಾಲು ಬರುವುದುಂಟು. ಪಾದರಕ್ಷೆಯೊಂದೇ ಅದನ್ನು ತಡೆಯಬಲ್ಲುದು. ಕ್ಯಾನ್ಸರಿಗಾಗಿ ತೊಡೆಸಂದಿನ ದುಗ್ಧಗ್ರಂಥಿಗಳನ್ನು ತೆಗೆದಾಗಲೂ ವಿಕಿರಣ ಕೊಟ್ಟಾಗಲೂ ಬರುವ ಬಾವು ಇದೇ ಜಾತಿಯದು.

ಮೂತ್ರದ ಪ್ರೋಟೀನು, ರಕ್ತದೊತ್ತಡ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಆಲ್ಬುಮಿನ್, ಥೈರಾಯಿಡ್, ಹೃದಯದ ಎಕೋ, ಉದರದ ಸ್ಕ್ಯಾನು, ಇವುಗಳಿಂದ ಬಹುಪಾಲು ಕಾರಣಗಳು ಬಯಲಾಗುತ್ತವೆ. ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ತಗ್ಗಿಸಿ ದಿನದ ಉಪ್ಪನ್ನು 5 ಗ್ರಾಮಿನೊಳಗೆ ಇಡುವುದು ಹೃದಯ, ಮೂತ್ರಪಿಂಡ, ಯಕೃತ್ತು ಮೂರರ ಬಾವಿಗೂ ಹಿತಕರ. ನೀರಿಳಿಸುವ ಮಾತ್ರೆ ಹೃದಯದ ಬಾವಿನಲ್ಲಿ ಪ್ರಾಣ ಉಳಿಸುವಂಥದು. ಆನೆಕಾಲಿನಲ್ಲಿಯೂ ಅಮ್ಲೋಡಿಪಿನ್ ಬಾವಿನಲ್ಲಿಯೂ ಹೆಚ್ಚಿನ ಪ್ರಯೋಜನವಿಲ್ಲದೆ ಲವಣಗಳನ್ನು ಕೆಡಿಸುವಂಥದು. ಒತ್ತುವ ಕಾಲುಚೀಲ ಸಿರೆಯ ಬಾವಿಗೆ ಉತ್ತಮವಾದರೂ, ಅಪಧಮನಿ ಕಟ್ಟಿರುವ ಕಾಲಿಗೆ ತೊಡಿಸಿದರೆ ರಕ್ತ ನಿಂತು ಕಾಲೇ ಹೋಗಬಹುದಾದ್ದರಿಂದ ಪಾದದ ನಾಡಿಯನ್ನು ನೋಡಿಸದೆ ಅದನ್ನು ಧರಿಸಬಾರದು. ಒಂದೇ ಕಾಲು ಹಠಾತ್ತಾಗಿ ಊದಿದಾಗ, ಬಾವಿನೊಡನೆ ಏದುಸಿರೋ ಎದೆನೋವೋ ಕಂಡಾಗ, ಬಸುರಿಯ ಮುಖ ಕೈಗಳು ಊದಿದಾಗ, ಮೂತ್ರ ಕಡಮೆಯಾದಾಗ, ಸಕ್ಕರೆ ಕಾಯಿಲೆಯವನ ಪಾದ ಬಿಸಿಯಾಗಿ ಬಾತಾಗ, ನಾಳೆಯವರೆಗೆ ಕಾಯದೆ ಆ ದಿನವೇ ಆಸ್ಪತ್ರೆಯನ್ನು ಸೇರಬೇಕು.